ಅನೋವಾ ಮತ್ತು ರಿಗ್ರೆಷನ್ ನಡುವಿನ ನಂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪ್ರಯೋಗದ ಫಲಿತಾಂಶವನ್ನು ಅನೋವಾ (ಗುಂಪುಗಳ ಸರಾಸರಿಗಳು ನಿಜವಾಗಿ ಬೇರೆಯೇ ಎಂದು ನೋಡುವ ವಿಧಾನ) ಪಟ್ಟಿಯಲ್ಲಿ ಬರೆಯುವವರು ಬಹಳ ಮಂದಿ ಇದ್ದಾರೆ. ಆ ಪಟ್ಟಿಯ ಹಿಂದೆ ಇರುವುದು ರಿಗ್ರೆಷನ್ (ಒಂದು ಅಳತೆಯನ್ನು ಬೇರೆ ಅಳತೆಗಳಿಂದ ಸಮೀಕರಣದ ಮೂಲಕ ಅಂದಾಜು ಮಾಡುವ) ಲೆಕ್ಕವೇ ಎಂದು ತಿಳಿದು ಬರೆಯುವವರು ಕಡಿಮೆ. ಮೊದಲ ಉತ್ತರ ಉದ್ದವಾಗಿದೆ, ಏಕೆಂದರೆ ಮುಂದಿನವೆಲ್ಲ ಅದರ ಮೇಲೆಯೇ ನಿಂತಿವೆ. ಕಾಗದ, ಪೆನ್ಸಿಲ್ ಹತ್ತಿರ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಪ್ರಶ್ನೆ: ನಾನು ಕೃಷಿ ವಿಷಯದಲ್ಲಿ ಎಂ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿನಿ. ನಮಗೆ ರಿಗ್ರೆಷನ್ ಒಂದು ಸೆಮಿಸ್ಟರಿನಲ್ಲಿಯೂ ಅನೋವಾ ಇನ್ನೊಂದರಲ್ಲಿಯೂ ಬಂದವು. ಈಚೆಗೆ ಹಿರಿಯ ಸಂಶೋಧಕರೊಬ್ಬರು ‘ಅನೋವಾ ಎಂದರೆ ರಿಗ್ರೆಷನ್ನೇ’ ಎಂದರು. ರಿಗ್ರೆಷನ್ನಿನಲ್ಲಿ ಎಕ್ಸ್ ಎಂಬುದು ಒಂದು ಅಳತೆ: ಮಳೆಯ ಮಿಲಿಮೀಟರ್, ಗೊಬ್ಬರದ ಕಿಲೊ. ನನ್ನ ಪ್ರಯೋಗದಲ್ಲಿ ಇರುವುದು ಮೂರು ತಳಿಗಳ ಹೆಸರು ಮಾತ್ರ. ಹೆಸರನ್ನು ಸಮೀಕರಣದೊಳಗೆ ಹಾಕುವುದು ಹೇಗೆ?

ಉತ್ತರ: ಅವರು ಹೇಳಿದ್ದು ಅಕ್ಷರಶಃ ನಿಜ. ಹೆಸರನ್ನು ಸಮೀಕರಣಕ್ಕೆ ತರಲು ಸೊನ್ನೆ ಮತ್ತು ಒಂದು ಎಂಬ ಎರಡು ಅಂಕಿಗಳು ಸಾಕು. ಕೈಯಲ್ಲೇ ಲೆಕ್ಕ ಮಾಡಿ ನೋಡಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಇದರ ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ನಾನೇ ಆರಿಸಿದ್ದೇನೆ, ಅವು ಯಾವ ಹೊಲದಿಂದಲೂ ಬಂದವಲ್ಲ. ಕ, ಖ, ಗ ಎಂಬ ಮೂರು ತಳಿಗಳಿವೆ, ಪ್ರತಿಯೊಂದಕ್ಕೂ ಮೂರು ಪ್ಲಾಟುಗಳು. ಕ ತಳಿಯ ಇಳುವರಿ 4, 5, 6; ಖ ತಳಿಯದು 8, 9, 10; ಗ ತಳಿಯದು 9, 10, 11. ಮೂರರ ಸರಾಸರಿಗಳು ಕ್ರಮವಾಗಿ 5, 9 ಮತ್ತು 10. ಒಂಬತ್ತೂ ಪ್ಲಾಟುಗಳ ಒಟ್ಟು ಸರಾಸರಿ 8.

ಈಗ ಎರಡು ಹೊಸ ಕಾಲಂಗಳನ್ನು ಬರೆದುಕೊಳ್ಳಿ. ಮೊದಲನೆಯದಕ್ಕೆ ಡಿ1 ಎನ್ನೋಣ: ಪ್ಲಾಟಿನಲ್ಲಿ ಖ ತಳಿ ಇದ್ದರೆ 1, ಇಲ್ಲದಿದ್ದರೆ 0. ಎರಡನೆಯದು ಡಿ2: ಗ ತಳಿ ಇದ್ದರೆ 1, ಇಲ್ಲದಿದ್ದರೆ 0. ಕ ತಳಿಗೆ ಬೇರೆ ಕಾಲಂ ಬೇಕಿಲ್ಲ. ಎರಡೂ ಕಾಲಂಗಳಲ್ಲಿ ಸೊನ್ನೆ ಇದ್ದರೆ ಅದು ಕ ತಳಿಯ ಪ್ಲಾಟು ಎಂದು ತಾನಾಗಿಯೇ ತಿಳಿಯುತ್ತದೆ. ಇಂಥ ಕಾಲಂಗಳನ್ನೇ ಡಮ್ಮಿ ವೇರಿಯಬಲ್ ಎನ್ನುತ್ತಾರೆ. ಸಮೀಕರಣ ಹೀಗಾಗುತ್ತದೆ: ಇಳುವರಿ = ಎ + ಬಿ1 × ಡಿ1 + ಬಿ2 × ಡಿ2 + ದೋಷ. ಒಂದಕ್ಕಿಂತ ಹೆಚ್ಚು ಎಕ್ಸ್‌ಗಳಿರುವ ಮಾಮೂಲಿ ರಿಗ್ರೆಷನ್ ಸಮೀಕರಣಕ್ಕೂ ಇದಕ್ಕೂ ರೂಪದಲ್ಲಿ ಏನೂ ವ್ಯತ್ಯಾಸವಿಲ್ಲ.

ಗುಣಾಂಕಗಳನ್ನು ಕಂಡುಹಿಡಿಯುವ ಕ್ರಮವೂ ಹಳೆಯದೇ, ಲೀಸ್ಟ್ ಸ್ಕ್ವೇರ್ಸ್: ನಿಜವಾದ ಇಳುವರಿಗೂ ಸಮೀಕರಣ ಹೇಳುವ ಇಳುವರಿಗೂ ಇರುವ ಅಂತರಗಳ ವರ್ಗಗಳನ್ನು ಕೂಡಿದಾಗ ಆ ಮೊತ್ತ ಆದಷ್ಟೂ ಕಡಿಮೆ ಬರಬೇಕು. ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಒಂದೇ ತಳಿಯ ಮೂರು ಪ್ಲಾಟುಗಳಿಗೂ ಡಿ1, ಡಿ2 ಬೆಲೆಗಳು ಒಂದೇ ಆಗಿರುವುದರಿಂದ ಸಮೀಕರಣವು ಆ ಮೂರಕ್ಕೂ ಒಂದೇ ಇಳುವರಿಯನ್ನು ಹೇಳಬೇಕಾಗುತ್ತದೆ. 4, 5, 6 ಎಂಬ ಮೂರು ಅಂಕಿಗಳಿಗೆ ಬದಲಾಗಿ ಒಂದೇ ಅಂಕಿಯನ್ನು ಇಡಬೇಕು, ಅಂತರಗಳ ವರ್ಗಗಳ ಮೊತ್ತ ಕನಿಷ್ಠವಾಗಬೇಕು ಎಂದರೆ ಆ ಅಂಕಿ ಅವುಗಳ ಸರಾಸರಿಯೇ ಆಗಬೇಕು. ಹೀಗಾಗಿ ಎ = 5, ಎ + ಬಿ1 = 9, ಎ + ಬಿ2 = 10; ಅಂದರೆ ಬಿ1 = 4, ಬಿ2 = 5. ಇಂಟರ್‌ಸೆಪ್ಟ್ ಎಂದರೆ ಕ ತಳಿಯ ಸರಾಸರಿ, ಉಳಿದ ಎರಡು ಗುಣಾಂಕಗಳೆಂದರೆ ಖ ಮತ್ತು ಗ ತಳಿಗಳು ಕ ತಳಿಗಿಂತ ಎಷ್ಟು ಹೆಚ್ಚು ಕೊಟ್ಟವು ಎಂಬ ಲೆಕ್ಕ.

ಮುಂದಿನದು ವರ್ಗಗಳ ಮೊತ್ತ. ತಳಿ ಯಾವುದೆಂದು ಗೊತ್ತೇ ಇಲ್ಲ ಎಂದುಕೊಳ್ಳಿ. ಆಗ ಒಂಬತ್ತೂ ಪ್ಲಾಟುಗಳಿಗೆ ನಾವು ಹೇಳಬಹುದಾದ ಅಂಕಿ 8 ಒಂದೇ. 8ರಿಂದ ಒಂದೊಂದು ಪ್ಲಾಟಿನ ಅಂತರವನ್ನು ವರ್ಗ ಮಾಡಿ ಕೂಡಿದರೆ 16 + 9 + 4 + 0 + 1 + 4 + 1 + 4 + 9 = 48. ತಳಿ ಗೊತ್ತಾದ ಮೇಲೆ ಪ್ರತಿ ತಳಿಯಲ್ಲಿಯೂ ಉಳಿಯುವ ಅಂತರಗಳು −1, 0, 1 ಮಾತ್ರ. ಅವುಗಳ ವರ್ಗಗಳ ಮೊತ್ತ ಒಟ್ಟು 6. ತಳಿಯ ಮಾಹಿತಿಯಿಂದ ಕಡಿಮೆಯಾದದ್ದು 42. ನಿಮ್ಮ ಅನೋವಾ ಪಟ್ಟಿಯಲ್ಲಿ ‘ಟ್ರೀಟ್‌ಮೆಂಟ್’ ಸಾಲಿನಲ್ಲಿ ಬರುವುದು ಇದೇ 42, ‘ಎರರ್’ ಸಾಲಿನಲ್ಲಿ ಬರುವುದು ಇದೇ 6, ‘ಟೋಟಲ್’ ಸಾಲಿನಲ್ಲಿ 48. ಟ್ರೀಟ್‌ಮೆಂಟಿನ ಡಿಗ್ರೀಸ್ ಆಫ್ ಫ್ರೀಡಂ (ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಸಂಖ್ಯೆ) 2 ಏಕೆ ಎಂದು ಕೇಳಿದರೆ, ‘ಗುಂಪುಗಳ ಸಂಖ್ಯೆಯಿಂದ ಒಂದನ್ನು ಕಳೆಯಬೇಕು’ ಎಂಬ ಬಾಯಿಪಾಠದ ಉತ್ತರಕ್ಕಿಂತ ‘ಸಮೀಕರಣಕ್ಕೆ ಹೊಸದಾಗಿ ಸೇರಿದ ಗುಣಾಂಕಗಳು ಎರಡು’ ಎಂಬ ಉತ್ತರ ಹೆಚ್ಚು ಅರ್ಥ ಕೊಡುತ್ತದೆ. ಒಂಬತ್ತು ಪ್ಲಾಟುಗಳಿಂದ ಮೂರು ಗುಣಾಂಕಗಳನ್ನು ಅಂದಾಜು ಮಾಡಿದ ಮೇಲೆ ದೋಷಕ್ಕೆ ಉಳಿಯುವುದು 6. ಆದ್ದರಿಂದ ಮೀನ್ ಸ್ಕ್ವೇರ್‌ಗಳು (ವರ್ಗಗಳ ಮೊತ್ತವನ್ನು ಡಿಗ್ರೀಸ್ ಆಫ್ ಫ್ರೀಡಂನಿಂದ ಭಾಗಿಸಿದ್ದು) 42 ÷ 2 = 21 ಮತ್ತು 6 ÷ 6 = 1; ಇವೆರಡರ ಅನುಪಾತವಾದ ಎಫ್ ಬೆಲೆ 21.

ಇದೇ ದತ್ತಾಂಶವನ್ನು ಕಂಪ್ಯೂಟರಿಗೆ ರಿಗ್ರೆಷನ್ ಎಂದು ಕೊಟ್ಟರೆ ಅದು ಆರ್-ಸ್ಕ್ವೇರ್ 0.875 ಎನ್ನುತ್ತದೆ, ಅದು 42ನ್ನು 48ರಿಂದ ಭಾಗಿಸಿದ್ದು. ಕೆಳಗಡೆ ಎಫ್ ಬೆಲೆ 21 ಎಂದು ತೋರಿಸುತ್ತದೆ. ಎರಡೂ ಉತ್ತರಗಳು ದಶಾಂಶದ ಕೊನೆಯ ಸ್ಥಾನದವರೆಗೂ ಕೂಡಿಬರುತ್ತವೆ, ಏಕೆಂದರೆ ಇವು ಒಂದೇ ಲೆಕ್ಕದ ಎರಡು ಬರವಣಿಗೆಗಳು.

ಇದರಲ್ಲಿ ನಿಮಗೆ ಬಹುಕಾಲ ಉಪಯೋಗಕ್ಕೆ ಬರುವ ಮಾತು ಒಂದಿದೆ, ಅದನ್ನು ಬಿಡಿಸಿ ಹೇಳುತ್ತೇನೆ. ಎಫ್ ಪರೀಕ್ಷೆ ಎಂದರೆ ಎರಡು ಮಾದರಿಗಳ ಹೋಲಿಕೆ. ಸಣ್ಣ ಮಾದರಿ ‘ಎಲ್ಲ ಪ್ಲಾಟುಗಳಿಗೂ ಒಂದೇ ಸರಾಸರಿ’ ಎನ್ನುತ್ತದೆ. ದೊಡ್ಡ ಮಾದರಿ ‘ತಳಿಗೊಂದು ಸರಾಸರಿ’ ಎನ್ನುತ್ತದೆ. ಸಣ್ಣದರಿಂದ ದೊಡ್ಡದಕ್ಕೆ ಹೋದಾಗ ಉಳಿಕೆ ದೋಷ 48ರಿಂದ 6ಕ್ಕೆ ಇಳಿಯಿತು, ಅದಕ್ಕಾಗಿ ಎರಡು ಗುಣಾಂಕಗಳನ್ನು ಹೆಚ್ಚಿಗೆ ಸೇರಿಸಬೇಕಾಯಿತು. ಸೇರಿಸಿದ ಒಂದೊಂದು ಗುಣಾಂಕದಿಂದ ಸರಾಸರಿ ಎಷ್ಟು ದೋಷ ಇಳಿಯಿತು ಎಂಬುದನ್ನು, ಹೇಗೂ ಉಳಿದಿರುವ ದೋಷದ ಮೀನ್ ಸ್ಕ್ವೇರ್‌ನೊಂದಿಗೆ ಎಫ್ ಹೋಲಿಸುತ್ತದೆ. ತಳಿಯಿಂದ ಏನೂ ವ್ಯತ್ಯಾಸವಿಲ್ಲದಿದ್ದರೆ ಈ ಎರಡೂ ಹೆಚ್ಚುಕಡಿಮೆ ಸಮನಾಗಿ, ಎಫ್ ಬೆಲೆ 1ರ ಆಸುಪಾಸಿನಲ್ಲಿರಬೇಕು. ಬ್ಲಾಕ್ (ಒಂದೇ ಬಗೆಯ ಪ್ಲಾಟುಗಳ ಗುಂಪು) ಸೇರಲಿ, ಎರಡು ಫ್ಯಾಕ್ಟರ್ (ತಳಿ, ಗೊಬ್ಬರದಂಥ ಪರೀಕ್ಷಿಸುವ ಅಂಶ) ಸೇರಲಿ, ಇಂಟರ್‌ಆ್ಯಕ್ಷನ್ (ಒಂದು ಫ್ಯಾಕ್ಟರಿನ ಪರಿಣಾಮ ಇನ್ನೊಂದರ ಮಟ್ಟಕ್ಕೆ ತಕ್ಕಂತೆ ಬದಲಾಗುವುದು) ಸೇರಲಿ, ದೋಷ ಒಂದೇ ಬಗೆಯದಾಗಿರುವ ಯಾವ ವಿನ್ಯಾಸದಲ್ಲಿಯೂ ಅನೋವಾ ಪಟ್ಟಿಯ ಪ್ರತಿಯೊಂದು ಸಾಲೂ ಹೀಗೆ ಯಾವುದೋ ಒಂದು ಸಣ್ಣ ಮಾದರಿಯನ್ನು ಒಂದು ದೊಡ್ಡ ಮಾದರಿಯೊಂದಿಗೆ ಹೋಲಿಸುತ್ತಿರುತ್ತದೆ. ಪಟ್ಟಿಯನ್ನು ಓದುವಾಗ ‘ಈ ಸಾಲಿನಲ್ಲಿ ಯಾವ ಎರಡು ಮಾದರಿಗಳು ಎದುರುಬದುರಾಗಿವೆ?’ ಎಂದು ಕೇಳಿಕೊಳ್ಳುವ ಅಭ್ಯಾಸವಾದರೆ ಸೂತ್ರಗಳನ್ನು ಬಾಯಿಪಾಠ ಮಾಡುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ.

ಪ್ರಶ್ನೆ: ಹಾಗಾದರೆ ಎರಡೇ ತಳಿಗಳಿದ್ದಾಗ ಅವುಗಳ ಸರಾಸರಿಗಳನ್ನು ಹೋಲಿಸಲು ಮಾಡುವ ಟಿ ಪರೀಕ್ಷೆಯೂ ಇದರೊಳಗೇ ಬರುತ್ತದೆಯೇ?

ಉತ್ತರ: ಬರುತ್ತದೆ. ಮೇಲಿನ ಉದಾಹರಣೆಯಿಂದ ಕ ಮತ್ತು ಖ ತಳಿಗಳನ್ನು ಮಾತ್ರ ಇಟ್ಟುಕೊಳ್ಳಿ. ಅನೋವಾ ಮಾಡಿದರೆ ಎಫ್ ಬೆಲೆ 24. ಎರಡೂ ಗುಂಪುಗಳ ವೇರಿಯನ್ಸ್ (ಅಂಕಿಗಳ ಚದುರುವಿಕೆಯ ಅಳತೆ) ಸಮ ಎಂದು ಭಾವಿಸುವ ಟಿ ಪರೀಕ್ಷೆ ಮಾಡಿದರೆ ಟಿ ಬೆಲೆ ಸುಮಾರು 4.899. ಅದನ್ನು ವರ್ಗ ಮಾಡಿ ನೋಡಿ, 24 ಬರುತ್ತದೆ. ಒಂದೇ ಒಂದು ಡಮ್ಮಿ ಇರುವ ರಿಗ್ರೆಷನ್ನಿನಲ್ಲಿ ಆ ಡಮ್ಮಿಯ ಗುಣಾಂಕದ ಪಕ್ಕದಲ್ಲಿ ಕಾಣುವ ಟಿ ಬೆಲೆಯೂ ಇದೇ.

ಪ್ರಶ್ನೆ: ‘ಆರ್’ ತಂತ್ರಾಂಶದಲ್ಲಿ ಅಭ್ಯಾಸಕ್ಕೆಂದು ಕೊಟ್ಟಿರುವ ಪ್ಲಾಂಟ್‌ಗ್ರೋತ್ ದತ್ತಾಂಶವನ್ನು ರಿಗ್ರೆಷನ್ ಆಜ್ಞೆಯಿಂದ ವಿಶ್ಲೇಷಿಸಿದೆ. ಎರಡು ಟ್ರೀಟ್‌ಮೆಂಟುಗಳ ಗುಣಾಂಕಗಳಲ್ಲಿ ಒಂದಕ್ಕೆ ಪಿ ಬೆಲೆ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) 0.194, ಇನ್ನೊಂದಕ್ಕೆ 0.088, ಎರಡೂ 0.05ಕ್ಕಿಂತ ಹೆಚ್ಚು. ಆದರೆ ಕೆಳಗಡೆ ಎಫ್ ಪರೀಕ್ಷೆಯ ಪಿ ಬೆಲೆ 0.016 ಇದೆ. ಬಿಡಿಬಿಡಿಯಾಗಿ ಯಾವುದೂ ಸಿಗ್ನಿಫಿಕೆಂಟ್ (ಪಿ ಬೆಲೆ 0.05ಕ್ಕಿಂತ ಕಡಿಮೆ) ಅಲ್ಲದಿದ್ದರೂ ಒಟ್ಟಾಗಿ ಸಿಗ್ನಿಫಿಕೆಂಟ್ ಆಗುವುದು ಹೇಗೆ? ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬೇಕು, ಏಕೆಂದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿವೆ. ಅನೋವಾ ಮತ್ತು ರಿಗ್ರೆಷನ್ ಒಂದೇ ಎಂದು ತಿಳಿದವರೂ ಎಡವುವ ಜಾಗ ಇದು, ಆದ್ದರಿಂದ ನಿಮ್ಮ ಪ್ರಶ್ನೆಗೆ ವಿಶೇಷವಾಗಿ ಕೃತಜ್ಞನಾಗಿದ್ದೇನೆ.

ಈ ದತ್ತಾಂಶ ಗೊತ್ತಿಲ್ಲದ ಓದುಗರಿಗಾಗಿ ಹೇಳುವುದಾದರೆ, ಇದರಲ್ಲಿ 30 ಗಿಡಗಳ ಒಣತೂಕವಿದೆ: ಕಂಟ್ರೋಲ್ ಗುಂಪಿನಲ್ಲಿ 10, ಮೊದಲ ಟ್ರೀಟ್‌ಮೆಂಟಿನಲ್ಲಿ 10, ಎರಡನೆಯದರಲ್ಲಿ 10. ಸರಾಸರಿಗಳು ಕ್ರಮವಾಗಿ 5.032, 4.661 ಮತ್ತು 5.526. ಅನೋವಾ ಪಟ್ಟಿಯಲ್ಲಿ ಗುಂಪಿನ ವರ್ಗಗಳ ಮೊತ್ತ 3.766, ದೋಷದ್ದು 10.492, ಎಫ್ ಬೆಲೆ 4.846. ರಿಗ್ರೆಷನ್ನಿನಲ್ಲಿ ಇಂಟರ್‌ಸೆಪ್ಟ್ 5.032, ಮೊದಲ ಟ್ರೀಟ್‌ಮೆಂಟಿನ ಗುಣಾಂಕ −0.371, ಎರಡನೆಯದರದು 0.494.

ಸರಾಸರಿಗಳನ್ನು ಒಂದು ಗೆರೆಯ ಮೇಲೆ ಗುರುತು ಮಾಡಿ ನೋಡಿ. ಕಂಟ್ರೋಲ್ ನಡುವೆ ನಿಲ್ಲುತ್ತದೆ, ಒಂದು ಟ್ರೀಟ್‌ಮೆಂಟು ಅದರ ಕೆಳಗೆ, ಇನ್ನೊಂದು ಮೇಲೆ. ತಂತ್ರಾಂಶವು ಕಂಟ್ರೋಲನ್ನೇ ಆಧಾರ ಗುಂಪಾಗಿ ಹಿಡಿದಿರುವುದರಿಂದ ಅದು ಕೊಡುವ ಎರಡು ಟಿ ಪರೀಕ್ಷೆಗಳೂ ನಡುವಿನಿಂದ ಎರಡು ತುದಿಗಳಿಗೆ ಇರುವ ದೂರವನ್ನು ಅಳೆಯುತ್ತಿವೆ. ತುದಿಯಿಂದ ತುದಿಗೆ ಇರುವ 0.865ರ ಅಂತರ ಆ ಎರಡು ಸಾಲುಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಎಫ್ ಪರೀಕ್ಷೆ ಮಾತ್ರ ‘ಮೂರು ಸರಾಸರಿಗಳೂ ಒಂದೇ ಆಗಿರಲು ಸಾಧ್ಯವೇ?’ ಎಂದು ಕೇಳುತ್ತದೆ, ಅದಕ್ಕೆ ಆ ದೊಡ್ಡ ಅಂತರ ಕಾಣುತ್ತದೆ. ಆಧಾರ ಗುಂಪನ್ನು ಬದಲಿಸಿ ಮೊದಲ ಟ್ರೀಟ್‌ಮೆಂಟನ್ನು ಆಧಾರವಾಗಿ ಇಟ್ಟರೆ ಇಂಟರ್‌ಸೆಪ್ಟ್ 4.661 ಆಗುತ್ತದೆ, ಗುಣಾಂಕಗಳು 0.371 ಮತ್ತು 0.865 ಆಗುತ್ತವೆ, ಎರಡನೆಯದರ ಟಿ ಬೆಲೆ 3.103, ಪಿ ಬೆಲೆ ಸುಮಾರು 0.0045. ಗುಣಾಂಕಗಳ ಸಾಲುಗಳೆಲ್ಲ ಬದಲಾದರೂ ಎಫ್ ಬೆಲೆ 4.846 ಕದಲುವುದಿಲ್ಲ. ಆರ್-ಸ್ಕ್ವೇರ್ ಕೂಡ 0.264ರಲ್ಲೇ ಇರುತ್ತದೆ, ಒಂದು ಗಿಡದ ಅಂದಾಜು ತೂಕವೂ ಬದಲಾಗುವುದಿಲ್ಲ.

ಮೂರನೆಯ ಬಗೆಯೂ ಒಂದಿದೆ. ಗುಂಪುಗಳ ಪರಿಣಾಮಗಳನ್ನು ಕೂಡಿದರೆ ಸೊನ್ನೆ ಬರಬೇಕು ಎಂಬ ನಿಯಮ ಹಾಕಿಕೊಂಡರೆ ಇಂಟರ್‌ಸೆಪ್ಟ್ 5.073 ಆಗುತ್ತದೆ, ಅದು ಒಟ್ಟು ಸರಾಸರಿ. ಮೂರು ಪರಿಣಾಮಗಳು −0.041, −0.412, 0.453 ಎಂದು ಬರುತ್ತವೆ. ಅನೋವಾ ಪಾಠಗಳಲ್ಲಿ ಮ್ಯೂ (ಒಟ್ಟು ಸರಾಸರಿ) ಮತ್ತು ಟಾವ್ (ಗುಂಪಿನ ಪರಿಣಾಮ) ಎಂಬ ಗ್ರೀಕ್ ಅಕ್ಷರಗಳಿಂದ ಬರೆಯುವ ಸಮೀಕರಣ ಇದೇ. ರಿಗ್ರೆಷನ್ ಪಾಠದಲ್ಲಿ ಡಮ್ಮಿ, ಅನೋವಾ ಪಾಠದಲ್ಲಿ ಮ್ಯೂ-ಟಾವ್ ಎಂದು ಬೇರೆ ಬೇರೆ ಬರೆಯುವುದರಿಂದಲೇ ವಿದ್ಯಾರ್ಥಿಗಳಿಗೆ ಇವು ಎರಡು ವಿಷಯಗಳೆಂಬ ಭಾವನೆ ಬೇರೂರುತ್ತದೆ ಎಂದು ನನ್ನ ನಂಬಿಕೆ. ಗುಣಾಂಕದ ಅರ್ಥ ನಾವು ಆರಿಸಿದ ಕೋಡಿಂಗಿನ (ಗುಂಪುಗಳನ್ನು ಅಂಕಿಗಳಾಗಿ ಬರೆಯುವ ಕ್ರಮದ) ಮೇಲೆ ನಿಂತಿದೆ; ಎಫ್ ಪರೀಕ್ಷೆ ಅದರ ಮೇಲೆ ನಿಂತಿಲ್ಲ. ಯಾವುದೇ ಗುಣಾಂಕವನ್ನು ಪ್ರಬಂಧದಲ್ಲಿ ಬರೆಯುವ ಮುನ್ನ ಆಧಾರ ಗುಂಪು ಯಾವುದು ಎಂಬುದನ್ನು ಅದೇ ವಾಕ್ಯದಲ್ಲಿ ಹೇಳಿಬಿಡಿ.

ಕೃಷಿ ಪ್ರಯೋಗಗಳಲ್ಲಿ ರೂಢಿಯಲ್ಲಿರುವ ‘ಸಿ.ಡಿ.’ (ಕ್ರಿಟಿಕಲ್ ಡಿಫರೆನ್ಸ್, ಎರಡು ಸರಾಸರಿಗಳು ಬೇರೆ ಎನ್ನಲು ಬೇಕಾದ ಕನಿಷ್ಠ ಅಂತರ) ಬೆಲೆಯೂ ಇಲ್ಲಿಂದಲೇ ಬರುತ್ತದೆ. ರಿಗ್ರೆಷನ್ ಪಟ್ಟಿಯಲ್ಲಿ ಆ ಎರಡೂ ಗುಣಾಂಕಗಳ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಏರುಪೇರಾಗಬಹುದು ಎಂಬ ಅಳತೆ) 0.2788 ಇದೆ. 27 ಡಿಗ್ರೀಸ್ ಆಫ್ ಫ್ರೀಡಂಗೆ ಶೇಕಡಾ 5ರ ಮಟ್ಟದ ಟಿ ಬೆಲೆ 2.052. ಎರಡನ್ನೂ ಗುಣಿಸಿದರೆ 0.572, ಅದೇ ಸಿ.ಡಿ. ಕಂಟ್ರೋಲಿನಿಂದ ಇರುವ 0.371 ಮತ್ತು 0.494 ಇದಕ್ಕಿಂತ ಕಡಿಮೆ, ಎರಡು ಟ್ರೀಟ್‌ಮೆಂಟುಗಳ ನಡುವಿನ 0.865 ಹೆಚ್ಚು. ಮೂರು ಜೋಡಿಗಳನ್ನು ಒಟ್ಟಿಗೆ ಹೋಲಿಸುವುದಕ್ಕಾಗಿ ಟ್ಯೂಕಿ ವಿಧಾನದಿಂದ ಸರಿಪಡಿಸಿದಾಗಲೂ ಈ ಕೊನೆಯ ಅಂತರದ ಪಿ ಬೆಲೆ 0.012 ಆಗುತ್ತದೆ, ಅಂದರೆ ತೀರ್ಮಾನ ನಿಲ್ಲುತ್ತದೆ.

ಪ್ರಶ್ನೆ: ನನ್ನ ಟ್ರೀಟ್‌ಮೆಂಟುಗಳು ಸಾರಜನಕದ ಮೂರು ಪ್ರಮಾಣಗಳು: ಹೆಕ್ಟೇರಿಗೆ 0, 50, 100 ಕಿಲೊ. ಇವುಗಳನ್ನು ಅಳತೆ ಎಂದು ಹಿಡಿದು ರಿಗ್ರೆಷನ್ ಮಾಡಬೇಕೇ, ಗುಂಪು ಎಂದು ಹಿಡಿದು ಅನೋವಾ ಮಾಡಬೇಕೇ?

ಉತ್ತರ: ಎರಡನ್ನೂ ಮಾಡಬಹುದು, ಎರಡರ ನಡುವಿನ ವ್ಯತ್ಯಾಸವನ್ನೂ ಅಳೆಯಬಹುದು. ಮೊದಲಿನ ಉದಾಹರಣೆಯ ಒಂಬತ್ತು ಅಂಕಿಗಳನ್ನೇ ಬಳಸೋಣ. ಕ, ಖ, ಗ ಎಂಬುದರ ಜಾಗದಲ್ಲಿ 0, 50, 100 ಕಿಲೊ ಎಂದು ಓದಿಕೊಳ್ಳಿ. ನೇರ ಗೆರೆ ಎಳೆದರೆ 50 ಕಿಲೊಗೆ 2.5ರಷ್ಟು ಇಳುವರಿ ಏರುತ್ತದೆ. ಗೆರೆಯ ಮೇಲಿನ ಅಂದಾಜುಗಳು 5.5, 8, 10.5. ಈ ಗೆರೆ ವಿವರಿಸುವ ವರ್ಗಗಳ ಮೊತ್ತ 37.5, ಅದಕ್ಕೆ ಬಳಕೆಯಾದ ಗುಣಾಂಕ ಒಂದೇ. ಅನೋವಾ ವಿವರಿಸಿದ್ದು 42, ಅದಕ್ಕೆ ಬಳಕೆಯಾದ ಗುಣಾಂಕಗಳು ಎರಡು. ಉಳಿದ 4.5 ಎಂಬುದು ಸರಾಸರಿಗಳು ಗೆರೆಯಿಂದ ಎಷ್ಟು ಬಾಗಿವೆ ಎಂಬುದರ ಅಳತೆ.

ಹೀಗೆ ನೋಡಿದರೆ ಇಲ್ಲಿ ಮೂರು ಮಾದರಿಗಳು ಒಂದರೊಳಗೊಂದು ಕೂತಿವೆ: ಎಲ್ಲಕ್ಕೂ ಒಂದೇ ಸರಾಸರಿ, ಅದರ ಮೇಲೆ ನೇರ ಗೆರೆ, ಅದರ ಮೇಲೆ ಗುಂಪಿಗೊಂದು ಸರಾಸರಿ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ಹೆಜ್ಜೆಗೆ ಎಫ್ ಬೆಲೆ 37.5, ಎರಡನೆಯದರಿಂದ ಮೂರನೆಯದಕ್ಕೆ ಹೋಗುವ ಹೆಜ್ಜೆಗೆ 4.5. 1 ಮತ್ತು 6 ಡಿಗ್ರೀಸ್ ಆಫ್ ಫ್ರೀಡಂಗೆ ಶೇಕಡಾ 5ರ ಮಟ್ಟದ ಬೆಲೆ 5.99 ಆಗಿರುವುದರಿಂದ ಬಾಗು ಇದೆ ಎನ್ನಲು ಈ ಪುರಾವೆ ಸಾಲದು. ಹಾಗೆಂದು ಗೆರೆ ನೇರವಾಗಿಯೇ ಇದೆ ಎಂದು ಒಂಬತ್ತು ಪ್ಲಾಟುಗಳಿಂದ ಸಾಬೀತಾಗುವುದಿಲ್ಲ. ಮೊದಲ 50 ಕಿಲೊ ಇಳುವರಿಯನ್ನು 5ರಿಂದ 9ಕ್ಕೆ ಏರಿಸಿ, ನಂತರದ 50 ಕಿಲೊ 10ಕ್ಕೆ ಮಾತ್ರ ಏರಿಸಿದ್ದರೆ ರೈತರಿಗೆ ಶಿಫಾರಸು ಮಾಡುವವರು ಆ ಸಂಗತಿಯನ್ನು ಪಿ ಬೆಲೆಯ ನೆಪದಲ್ಲಿ ಕಡೆಗಣಿಸಬಾರದು. ಇನ್ನೂ ಹೆಚ್ಚು ಪ್ರಮಾಣಗಳನ್ನು ಇಟ್ಟು ಮತ್ತೆ ಪ್ರಯೋಗ ಮಾಡಬೇಕು. ನಿಮ್ಮ ಪಠ್ಯದಲ್ಲಿ ‘ಲೀನಿಯರ್’ ಮತ್ತು ‘ಕ್ವಾಡ್ರಾಟಿಕ್’ ಎಂದು ಟ್ರೀಟ್‌ಮೆಂಟಿನ ವರ್ಗಗಳ ಮೊತ್ತವನ್ನು ಒಡೆಯುವ ಕ್ರಮವಿದ್ದರೆ ಅದು ಇದೇ 37.5 ಮತ್ತು 4.5. ಮೂರು ಪ್ರಮಾಣಗಳಿಗೆ ಕ್ವಾಡ್ರಾಟಿಕ್ ರೇಖೆ ಎಳೆದರೆ ಅದು ಮೂರು ಸರಾಸರಿಗಳ ಮೂಲಕವೂ ಹಾಯುವುದರಿಂದ ಅಲ್ಲಿಗೆ ರಿಗ್ರೆಷನ್ ಮತ್ತು ಅನೋವಾ ಮತ್ತೆ ಒಂದಾಗುತ್ತವೆ.

ಪ್ರಮಾಣಗಳಿರುವ ಪ್ರಯೋಗವನ್ನು ಗುಂಪು ಎಂದು ಮಾತ್ರ ವಿಶ್ಲೇಷಿಸಿ, 0, 50, 100ರ ಕೊನೆಗೆ ಯಾವುವು ಬೇರೆ ಬೇರೆ ಎಂದು ತೋರಿಸುವ ಎ, ಬಿ, ಸಿ ಅಕ್ಷರ ಹಾಕಿ ಮುಗಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಪ್ರಮಾಣಗಳಿಗೆ ಕ್ರಮವೂ ಅಂತರವೂ ಇದೆ ಎಂಬ ಮಾಹಿತಿ ಹೊಲದಲ್ಲಿ ಕಷ್ಟಪಟ್ಟು ಪಡೆದದ್ದು, ಅದನ್ನು ವಿಶ್ಲೇಷಣೆಯಲ್ಲಿ ಕೈಬಿಟ್ಟಂತಾಗುತ್ತದೆ.

ಪ್ರಶ್ನೆ: ಎರಡೂ ಒಂದೇ ಆಗಿದ್ದರೆ ಎರಡು ಹೆಸರು, ಎರಡು ಪಾಠ ಏಕೆ ಬಂದವು?

ಉತ್ತರ: ಅವು ಹುಟ್ಟಿದ ಜಾಗಗಳು ಬೇರೆ. ಲೀಸ್ಟ್ ಸ್ಕ್ವೇರ್ಸ್ ವಿಧಾನವನ್ನು ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ, ಜರ್ಮನಿಯ ಗಾಸ್ 1809ರಲ್ಲಿ ಪ್ರಕಟಿಸಿದರು; ಇಬ್ಬರ ಮುಂದೆಯೂ ಇದ್ದದ್ದು ಆಕಾಶಕಾಯಗಳ ಪಥದ ಲೆಕ್ಕ. ರಿಗ್ರೆಷನ್ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅವರಿಂದ, 1880ರ ದಶಕದಲ್ಲಿ ತಂದೆತಾಯಿಯರ ಮತ್ತು ಮಕ್ಕಳ ಎತ್ತರವನ್ನು ಹೋಲಿಸುವಾಗ. ಅನೋವಾ ಬಂದದ್ದು ಹೊಲದಿಂದ. ಆರ್. ಎ. ಫಿಶರ್ ಅವರು ವೇರಿಯನ್ಸ್ ಎಂಬ ಪದವನ್ನು 1918ರಲ್ಲಿ ಅನುವಂಶೀಯತೆಯ ಪ್ರಬಂಧದಲ್ಲಿ ಬಳಕೆಗೆ ತಂದು, 1919ರಲ್ಲಿ ಇಂಗ್ಲೆಂಡಿನ ಹಾರ್ಪೆಂಡನ್‌ನಲ್ಲಿರುವ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದರು. 1923ರಲ್ಲಿ ವಿನಿಫ್ರೆಡ್ ಮೆಕೆಂಜಿ ಅವರೊಂದಿಗೆ ಆಲೂಗಡ್ಡೆ ತಳಿಗಳ ಗೊಬ್ಬರದ ಪ್ರಯೋಗವನ್ನು ಅನೋವಾ ಪಟ್ಟಿಯಲ್ಲಿ ವಿಶ್ಲೇಷಿಸಿ ಪ್ರಕಟಿಸಿದರು. 1925ರ ಅವರ ಪಠ್ಯಪುಸ್ತಕದಿಂದ ಈ ಪಟ್ಟಿ ಜಗತ್ತಿಗೆಲ್ಲ ಹರಡಿತು. ಎಫ್ ಎಂಬ ಅಕ್ಷರ ಫಿಶರ್ ಅವರ ಗೌರವಾರ್ಥ ಅಮೆರಿಕದ ಸ್ನೆಡೆಕರ್ 1934ರಲ್ಲಿ ಇಟ್ಟದ್ದು.

ಪಾಠಗಳು ಬೇರೆಯಾಗಿ ಉಳಿಯಲು ದೊಡ್ಡ ಕಾರಣ ಲೆಕ್ಕದ ಶ್ರಮ. ಅನೇಕ ಎಕ್ಸ್‌ಗಳಿರುವ ರಿಗ್ರೆಷನ್ ಮಾಡಬೇಕಾದರೆ ಅಷ್ಟೂ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು. ಕೈಯಿಂದ ತಿರುಗಿಸುವ ಯಂತ್ರಗಳ ಕಾಲದಲ್ಲಿ ಅದು ದಿನಗಟ್ಟಲೆಯ ಕೆಲಸ. ಪ್ರತಿ ಟ್ರೀಟ್‌ಮೆಂಟಿಗೂ ಪ್ರತಿ ಬ್ಲಾಕಿನಲ್ಲೂ ಒಂದೇ ಸಂಖ್ಯೆಯ ಪ್ಲಾಟುಗಳಿರುವ ಸಮತೋಲದ ಪ್ರಯೋಗದಲ್ಲಾದರೋ ಆ ಸಮೀಕರಣಗಳು ತಾವಾಗಿಯೇ ಬಿಡಿಬಿಡಿಯಾಗುತ್ತವೆ: ಮೊತ್ತಗಳನ್ನು ವರ್ಗ ಮಾಡಿ, ಭಾಗಿಸಿ, ಕಳೆದರೆ ಲೆಕ್ಕ ಮುಗಿಯುತ್ತದೆ. ಆ ಸುಲಭ ದಾರಿಯನ್ನೇ ಪಾಠಗಳು ಅನೋವಾ ಎಂದು ಕಲಿಸಿದವು. ಅನೋವಾ ಎಂಬುದು ಗಣಿತದ ಪ್ರಮೇಯವಲ್ಲ, ಲೆಕ್ಕವನ್ನು ಅನುಕೂಲವಾಗಿ ಜೋಡಿಸುವ ಒಂದು ವಿಧಾನ ಎಂಬ ಅರ್ಥದ ಮಾತನ್ನು ಫಿಶರ್ ಅವರೇ 1934ರಲ್ಲಿ ಹೇಳಿದ್ದಾರೆ.

ಇದರಲ್ಲಿ ನಮ್ಮ ನೆಲದವರ ಪಾಲೂ ಇದೆ. ಮೂರು ತಳಿಗಳಿಗೆ ಮೂರು ಡಮ್ಮಿ, ಜೊತೆಗೆ ಇಂಟರ್‌ಸೆಪ್ಟ್ ಎಂದು ಎಲ್ಲವನ್ನೂ ಇಟ್ಟುಕೊಂಡರೆ ಸಮೀಕರಣಗಳಿಗೆ ಏಕೈಕ ಉತ್ತರ ಇರುವುದಿಲ್ಲ; ಮಾಮೂಲಿ ಮ್ಯಾಟ್ರಿಕ್ಸ್ ವಿಲೋಮ ಅಲ್ಲಿ ಕೆಲಸಕ್ಕೆ ಬಾರದು. ಅಂಥ ಮ್ಯಾಟ್ರಿಕ್ಸ್‌ಗಳಿಗೂ ಹೊಂದುವ ಸಾಮಾನ್ಯೀಕೃತ ವಿಲೋಮವನ್ನು ಸಂಖ್ಯಾಶಾಸ್ತ್ರದೊಳಗೆ ಬೆಳೆಸಿದವರಲ್ಲಿ ಪ್ರಮುಖರು ಸಿ. ಆರ್. ರಾವ್. ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಅವರು ಕೇಂಬ್ರಿಜ್‌ನಲ್ಲಿ ಫಿಶರ್ ಅವರ ಮಾರ್ಗದರ್ಶನದಲ್ಲಿಯೇ ಪಿಎಚ್.ಡಿ. ಮಾಡಿದರು. ಯಾವ ಕೋಡಿಂಗ್ ಆರಿಸಿದರೂ ಬದಲಾಗದೆ ಉಳಿಯುವ ಅಂದಾಜುಗಳು ಯಾವುವು ಎಂಬ ಪ್ರಶ್ನೆಗೆ ಈ ಸಿದ್ಧಾಂತ ಖಚಿತ ಉತ್ತರ ಕೊಡುತ್ತದೆ. ತಳಿಗಳ ನಡುವಿನ ಅಂತರಗಳು ಅಂಥವು.

ಪ್ರಶ್ನೆ: ತಳಿ ಮತ್ತು ಗೊಬ್ಬರ ಎಂಬ ಎರಡು ಫ್ಯಾಕ್ಟರ್‌ಗಳ ಪ್ರಯೋಗದಲ್ಲಿ ಕಾಡುಹಂದಿ ನುಗ್ಗಿ ಕೆಲವು ಪ್ಲಾಟುಗಳು ಹಾಳಾದವು. ಉಳಿದ ದತ್ತಾಂಶಕ್ಕೆ ‘ಆರ್’ ಒಂದು ಉತ್ತರ ಕೊಟ್ಟರೆ ‘ಎಸ್‌ಪಿಎಸ್‌ಎಸ್’ ಇನ್ನೊಂದು ಕೊಡುತ್ತದೆ. ಯಾವುದು ತಪ್ಪು?

ಉತ್ತರ: ಯಾವುದೂ ತಪ್ಪಲ್ಲ. ಪ್ಲಾಟುಗಳು ಕಳೆದುಹೋದಾಗ ಪ್ರಯೋಗದ ಸಮತೋಲ ತಪ್ಪುತ್ತದೆ. ತಳಿಯ ಡಮ್ಮಿಗಳೂ ಗೊಬ್ಬರದ ಡಮ್ಮಿಗಳೂ ಒಂದಕ್ಕೊಂದು ಸ್ವಲ್ಪ ತಳುಕು ಹಾಕಿಕೊಳ್ಳುತ್ತವೆ. ಆಗ ಇಳಿದ ದೋಷದಲ್ಲಿ ಒಂದು ಪಾಲನ್ನು ತಳಿಯ ಲೆಕ್ಕಕ್ಕೂ ಬರೆಯಬಹುದು, ಗೊಬ್ಬರದ ಲೆಕ್ಕಕ್ಕೂ ಬರೆಯಬಹುದು. ‘ಆರ್’ನ ಸಾಮಾನ್ಯ ಅನೋವಾ ಆಜ್ಞೆ ನೀವು ಬರೆದ ಕ್ರಮದಲ್ಲಿ ಒಂದೊಂದಾಗಿ ಸೇರಿಸುತ್ತ ಹೋಗುತ್ತದೆ, ಇದಕ್ಕೆ ಟೈಪ್ 1 ಎನ್ನುತ್ತಾರೆ. ತಳಿಯನ್ನು ಮೊದಲು ಬರೆದರೆ ತಳುಕಾದ ಪಾಲು ತಳಿಗೆ ಹೋಗುತ್ತದೆ, ಗೊಬ್ಬರವನ್ನು ಮೊದಲು ಬರೆದರೆ ಗೊಬ್ಬರಕ್ಕೆ. ಟೈಪ್ 2ರಲ್ಲಿ ಎರಡರಲ್ಲಿ ಪ್ರತಿಯೊಂದನ್ನೂ ಇನ್ನೊಂದು ಇರುವಾಗ ಎಷ್ಟು ಹೆಚ್ಚಿಗೆ ವಿವರಿಸುತ್ತದೆ ಎಂದು ನೋಡುತ್ತಾರೆ. ‘ಎಸ್‌ಪಿಎಸ್‌ಎಸ್’ ತಾನಾಗಿ ಕೊಡುವುದು ಟೈಪ್ 3: ಇಂಟರ್‌ಆ್ಯಕ್ಷನ್ ಸೇರಿದಂತೆ ಉಳಿದೆಲ್ಲವೂ ಇರುವಾಗ ಇದೊಂದನ್ನು ತೆಗೆದರೆ ಏನಾಗುತ್ತದೆ ಎಂಬ ಲೆಕ್ಕ. ‘ಆರ್’ನಲ್ಲಿ ಟೈಪ್ 3 ಬೇಕೆಂದರೆ ಪರಿಣಾಮಗಳ ಮೊತ್ತ ಸೊನ್ನೆಯಾಗುವ ಕೋಡಿಂಗನ್ನು ಮೊದಲೇ ಹಾಕಿಕೊಳ್ಳಬೇಕು, ಇಲ್ಲವಾದರೆ ಬರುವ ಸಾಲುಗಳಿಗೆ ನೀವು ಬಯಸಿದ ಅರ್ಥ ಇರುವುದಿಲ್ಲ.

ಇಂಟರ್‌ಆ್ಯಕ್ಷನ್ ಇಲ್ಲವೆಂದು ನಂಬಲು ಕಾರಣವಿದ್ದರೆ ನಾನು ಟೈಪ್ 2ನ್ನು ಶಿಫಾರಸು ಮಾಡುತ್ತೇನೆ. ಇಂಟರ್‌ಆ್ಯಕ್ಷನ್ ಗಟ್ಟಿಯಾಗಿ ಇದ್ದರೆ ‘ತಳಿಯ ಸರಾಸರಿ ಪರಿಣಾಮ’ ಎಂಬ ಸಾಲಿಗಿಂತ ಪ್ರತಿ ಗೊಬ್ಬರದ ಮಟ್ಟದಲ್ಲೂ ತಳಿಗಳು ಹೇಗಿವೆ ಎಂದು ಬಿಡಿಸಿ ತೋರಿಸುವುದೇ ಓದುಗರಿಗೆ ಉಪಯುಕ್ತ. ಯಾವ ಟೈಪ್ ಬಳಸಿದಿರಿ ಎಂಬುದನ್ನು ಪ್ರಬಂಧದಲ್ಲಿ ಬರೆಯುವುದು ಮಾತ್ರ ಕಡ್ಡಾಯವೆಂದು ತಿಳಿಯಿರಿ.

ಪ್ರಶ್ನೆ: ಅನೋವಾ ಮಾಡುವ ಮೊದಲು ಇಳುವರಿಯ ಅಂಕಿಗಳು ನಾರ್ಮಲ್ (ಗಂಟೆಯಾಕಾರದ ಹಂಚಿಕೆ) ಆಗಿವೆಯೇ ಎಂದು ಪರೀಕ್ಷಿಸಿದೆ, ಇಲ್ಲವೆಂದು ಬಂತು. ನನ್ನ ಗೈಡ್ ಅನೋವಾ ಬಿಡಲು ಹೇಳುತ್ತಿದ್ದಾರೆ. ರಿಗ್ರೆಷನ್ ಎಂದು ಕರೆದರೆ ಈ ತೊಡಕು ತಪ್ಪುತ್ತದೆಯೇ?

ಉತ್ತರ: ಹೆಸರು ಬದಲಿಸಿದರೆ ತಪ್ಪುವುದಿಲ್ಲ, ಆದರೆ ರಿಗ್ರೆಷನ್ನಿನ ದೃಷ್ಟಿಯಿಂದ ನೋಡಿದರೆ ಪರೀಕ್ಷೆ ಮಾಡಿದ ಜಾಗವೇ ಸರಿಯಿಲ್ಲ ಎಂಬುದು ಗೊತ್ತಾಗುತ್ತದೆ. ನಾರ್ಮಲ್ ಎಂಬ ಷರತ್ತು ಸಮೀಕರಣದ ಕೊನೆಯಲ್ಲಿರುವ ದೋಷಕ್ಕೆ ಸಂಬಂಧಿಸಿದ್ದು; ಕಚ್ಚಾ ಇಳುವರಿಗೆ ಸಂಬಂಧಿಸಿದ್ದಲ್ಲ. ನಮ್ಮ ಒಂಬತ್ತು ಅಂಕಿಗಳನ್ನೇ ನೋಡಿ: 4, 5, 6 ಒಂದು ಕಡೆ, 8ರಿಂದ 11ರವರೆಗಿನವು ಇನ್ನೊಂದು ಕಡೆ ಗುಂಪುಗೂಡಿವೆ. ತಳಿಗಳು ನಿಜವಾಗಿ ಬೇರೆ ಬೇರೆ ಇದ್ದಾಗ ಕಚ್ಚಾ ಇಳುವರಿ ಹೀಗೆ ಎರಡು ಮೂರು ಗುಡ್ಡೆಗಳಾಗಿ ಕಾಣುವುದು ಸಹಜ, ಅದು ಪ್ರಯೋಗದ ದೋಷವಲ್ಲ. ತಳಿಯ ಸರಾಸರಿಯನ್ನು ಕಳೆದ ಮೇಲೆ ಉಳಿಯುವ −1, 0, 1 ಎಂಬ ರೆಸಿಡ್ಯುಯಲ್‌ಗಳನ್ನು ನೋಡಬೇಕು. ಮಾದರಿಯನ್ನು ಮೊದಲು ಹೊಂದಿಸಿ, ರೆಸಿಡ್ಯುಯಲ್‌ಗಳನ್ನು ತೆಗೆದು, ಅವುಗಳನ್ನು ಅಂದಾಜು ಬೆಲೆಗಳ ಎದುರು ಚುಕ್ಕೆಗಳಾಗಿ ಗುರುತು ಮಾಡಿ. ಚುಕ್ಕೆಗಳು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಹರಡಿಕೊಂಡಿದ್ದರೆ ವೇರಿಯನ್ಸ್ ಸಮನಾಗಿಲ್ಲ ಎಂದರ್ಥ. ಆಗ ಇಳುವರಿಯ ಲಾಗರಿದಮ್ ತೆಗೆದುಕೊಂಡು ಮತ್ತೆ ನೋಡಬಹುದು.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಪ್ಲಾಟುಗಳು ಪರಸ್ಪರ ಸ್ವತಂತ್ರವಾಗಿಲ್ಲದಿರುವುದು. ಒಂದೇ ಪ್ಲಾಟಿನಿಂದ ಐದು ಗಿಡಗಳನ್ನು ಅಳೆದು, ಅವುಗಳನ್ನು ಐದು ರೆಪ್ಲಿಕೇಷನ್ (ಪ್ರಯೋಗದ ಸ್ವತಂತ್ರ ಪುನರಾವರ್ತನೆ) ಎಂದು ಪಟ್ಟಿಗೆ ಹಾಕಿದರೆ ದೋಷದ ಡಿಗ್ರೀಸ್ ಆಫ್ ಫ್ರೀಡಂ ಸುಳ್ಳಾಗಿ ಹೆಚ್ಚುತ್ತದೆ, ಎಫ್ ಬೆಲೆ ಉಬ್ಬುತ್ತದೆ, ಅದನ್ನು ಯಾವ ಚಿತ್ರವೂ ಯಾವ ನಾರ್ಮಲ್ ಪರೀಕ್ಷೆಯೂ ತೋರಿಸಿಕೊಡುವುದಿಲ್ಲ. ಐದು ಗಿಡಗಳ ಸರಾಸರಿಯನ್ನು ಪ್ಲಾಟಿಗೆ ಒಂದೇ ಅಂಕಿಯಾಗಿ ಬರೆದುಕೊಂಡು ವಿಶ್ಲೇಷಣೆ ಮಾಡಿ. ನಿಮ್ಮ ಗೈಡ್ ಅವರೊಂದಿಗೆ ಮಾತಾಡುವಾಗ ರೆಸಿಡ್ಯುಯಲ್ ಚಿತ್ರವನ್ನೂ, ಪ್ಲಾಟುಗಳ ನಕ್ಷೆಯನ್ನೂ ಮುಂದಿಟ್ಟು ಮಾತಾಡಿ.